ಗೆರೆ ಎಳೆಯಲು ಬಂದವರು

"ನಿಮ್ಮ ಹೆಸರೇನ್ರಿ?"

ಎದುರಿಗೆ ಕಂಬಳಿಯ ಮೇಲೆ ಕೂತವನು ಕೇಳಿದ. ನೀಲಾಬಾಯಿ ತಲೆ ಎತ್ತಲಿಲ್ಲ. ಎತ್ತಬಾರದು ಅಂತ ಚಿಗವ್ವ ಬೆಳಗಿನಿಂದ ತಾಕೀತು ಮಾಡಿದ್ದಳು.

"ನೀಲಾಬಾಯಿ ಅಂತ್ರಿ."

"ಎಲ್ಲೀತನಕ ಕಲ್ತೀರಿ?"

"ಎಸ್ಸೆಸ್ಸೆಲ್ಸಿ ಪಾಸಾಗೇನ್ರಿ."

ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಕನ್ಯಾ ನೋಡಲು ಬಂದವರು ಕೇಳುವುದೇ ಇಷ್ಟು. ಆದರೆ ಈ ಮನುಷ್ಯ ಚೀಲದಿಂದ ದೊಡ್ಡದೊಂದು ನಕ್ಷೆ ತೆಗೆದು ನೆಲದ ಮೇಲೆ ಹರವಿದ. ಅದರ ನಡುವೆ ಬೆರಳಿಟ್ಟು ಕೇಳಿದ.

"ಮಳಿಗಾಲದಾಗ ಹಳ್ಳ ಬಂದ್ರ ನೀವು ಆಚೆ ದಂಡಿಗೆ ಹ್ಯಾಂಗ ಹೋಗ್ತೀರಿ?"

ನೀಲಾ ಗೊಂದಲಕ್ಕೆ ಬಿದ್ದಳು. ಇದೆಂಥ ವರ? ರೊಟ್ಟಿ ಬಡಿಯಲು ಬರುತ್ತದೆಯೇ ಅಂತ ಕೇಳುವುದು ಬಿಟ್ಟು ಹಳ್ಳದ ಸುದ್ದಿ ಯಾಕೆ? ಬಹುಶಃ ಜಾಣತನದ ಪರೀಕ್ಷೆ ಇರಬೇಕು... ಇರಲಿ, ನಾನೇನು ಕಡಿಮೆಯೇ?

"ಹೋಗೂದ ಇಲ್ರಿ."

"ಅಂದ್ರ?"

"ಹಳ್ಳ ತುಂಬಿದ್ರ ಯಾರೂ ದಾಟೂದಿಲ್ಲ. ಸಂತಿಗೆ ಇಳಕಲ್ಲ, ದವಾಖಾನಿಗೆ ಹುನಗುಂದ. ನಮ್ಮ ಬದುಕೆಲ್ಲಾ ಈಚೆ ಕಡೇನ ಐತಿ. ಈ ನಕ್ಷಿ ಬರೆದವರು ಮಳಿಗಾಲದಾಗ ಒಮ್ಮೆರ ಇಲ್ಲಿಗೆ ಬಂದಾರೇನು?"

ಬಾಗಿಲ ಹಿಂದೆ ಚಿಗವ್ವನ ಬಳೆ ಸದ್ದಾಯಿತು. ಹೆಚ್ಚಾಯಿತು ಅನ್ನುವ ಎಚ್ಚರಿಕೆ ಅದು. ಅವನು ಮಾತ್ರ ಬಾಯ್ತುಂಬ ನಕ್ಕ.

"ಬಂದಿಲ್ರಿ. ಖರೆ ಹೇಳಿದ್ರಿ."

ಆ ನಗುವಿಗೆ ನೀಲಾ ತಲೆ ಎತ್ತಿಯೇ ಬಿಟ್ಟಳು. ಧೂಳು ತುಂಬಿದ ಕೂದಲು, ಬೆವರಿದ ಹಣೆ, ಕಣ್ಣಲ್ಲಿ ಮಾತ್ರ ಏನೋ ಒಂದು ಪ್ರಾಮಾಣಿಕತೆ. ತಲೆ ತಗ್ಗಿಸುವುದು ಅವಳಿಗೆ ಮರೆತೇ ಹೋಯಿತು.

ಅಪ್ಪ ಅಮಾತೆಪ್ಪ ಸಕ್ಕರೆಯ ತಟ್ಟೆ ತಂದು ಮುಂದಿಟ್ಟ. ಆ ಕಡೆಯ ಮನೆಗಳಲ್ಲಿ ಅದಕ್ಕೊಂದು ಅರ್ಥವಿದೆ. ಹುಡುಗಿ ಒಪ್ಪಿಗೆಯಾದರೆ ಗಂಡಿನವರು ಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತಾರೆ, ಇಲ್ಲದಿದ್ದರೆ ಚಹಾ ಕುಡಿದು ಎದ್ದು ಹೋಗುತ್ತಾರೆ. ಈ ಪುಣ್ಯಾತ್ಮ ಒಂದು ಮುಷ್ಟಿ ತುಂಬಿಕೊಂಡು ಬಾಯಿಗೆ ಸುರಿದುಕೊಂಡ! ಚಿಗವ್ವ ಒಳಗೆ ದೇವರಿಗೆ ಕೈ ಮುಗಿದಳು.

ಓದುವವರಿಗೆ ಈಗ ನಿಜ ಹೇಳಿಬಿಡುವುದು ಒಳ್ಳೆಯದು. ಅವನು ವರನಲ್ಲ.

ಎಂಬತ್ತಾರನೆಯ ಇಸವಿ ಅದು. ಊರುಗಳನ್ನು ಗುಂಪು ಮಾಡಿ ಮಂಡಲ ಪಂಚಾಯ್ತಿ ಕಟ್ಟುವ ಕೆಲಸ ನಡೆದಿತ್ತು. ಕರಡು ನಕ್ಷೆಯಲ್ಲಿ ಬೆನಕನದಿನ್ನಿ ಎಂಬ ಈ ಊರನ್ನು ಹಳ್ಳದ ಆಚೆಯ ತುಂಬರಗುಡ್ಡಕ್ಕೆ ಸೇರಿಸಿದ್ದರು. ಸರ್ಕಾರದ ರೊಕ್ಕ ಇನ್ನು ಮುಂದೆ ಮಂಡಲಕ್ಕೆ ಬರುತ್ತದೆ. ಬೋರ್‌ವೆಲ್ಲು ಎಲ್ಲಿ, ಜಲ್ಲಿಕಲ್ಲು ಯಾವ ರಸ್ತೆಗೆ ಎಂಬುದೆಲ್ಲ ಅಲ್ಲಿಯ ಸಭೆಯಲ್ಲೇ ತೀರ್ಮಾನ. ಹಳ್ಳ ಬಂದಾಗ ಸಭೆಗೇ ಹೋಗಲಾಗದ ಊರಿನ ಮಾತು ಯಾರು ಕೇಳುತ್ತಾರೆ?

ಅದರ ಸ್ಥಳ ತನಿಖೆಗೆ ಬಂದವನು ರಾಚಪ್ಪ, ಹುನಗುಂದದ ತಾಲೂಕು ಕಚೇರಿಯ ಗುಮಾಸ್ತ. ಹೆಂಗಸರ ಮಾತನ್ನೂ ಕೇಳಬೇಕು ಅನ್ನುವುದು ಅವನ ಹಟ. ಅದೇ ಸೋಮವಾರ ಬೇವೂರಿನಿಂದ ಕಚೇರಿ ನೌಕರಿಯ ವರ ಬರುವವನಿದ್ದ. ಸೈಕಲ್ ಇಳಿದ ರಾಚಪ್ಪನನ್ನು ಅಮಾತೆಪ್ಪ "ಕಚೇರಿಯವರೇನ್ರಿ?" ಅಂತ ಕೇಳಿದ. ಅವನು ಹೌದೆಂದ. ಒಬ್ಬರೇ ಬಂದಿರಾ ಅಂದದ್ದಕ್ಕೆ ಜೀಪು ಸಿಗಲಿಲ್ಲ ಅಂದ. ಮನೆಯಲ್ಲಿ ಓದಿದ ಹೆಣ್ಣುಮಕ್ಕಳಿದ್ದರೆ ಕರೆಯಿರಿ ಅಂತ ತಾನಾಗಿಯೇ ಕೇಳಿದ. ಮುಂದಿನದು ನೀವು ನೋಡಿದ್ದೀರಿ. ಸಕ್ಕರೆಯನ್ನು ಅವನು ಹಸಿವಿಗೆ ತಿಂದಿದ್ದ.

ಬಸ್ಸು ಕೆಟ್ಟು ಒಂದು ದಿನ ತಡವಾಗಿ ಬೇವೂರಿನವರು ಬಂದಾಗ ಗುಟ್ಟು ಒಡೆಯಿತು.

"ನಿಮ್ಮ ವರ ನಿನ್ನೆನ ಬಂದು ಹೋದ್ರಲ್ಲಾ?" ಅಂದ ಅಮಾತೆಪ್ಪ.

ವರನ ಸೋದರಮಾವ ಕಣ್ಣು ಕೆಂಪು ಮಾಡಿದ. "ಯಾರಿಗೋ ಸಕ್ಕರಿ ಕೊಟ್ಟ ಮನಿ ನಮಗ ಬ್ಯಾಡ್ರಿ."

ಅವರು ಅಂಗಳದಿಂದಲೇ ತಿರುಗಿ ಹೋದರು. ಸಂಜೆಯೊಳಗೆ ಊರೆಲ್ಲ ನಕ್ಕಿತು. ನೀಲಾ ಅಪ್ಪನ ಮಗ್ಗದ ಹಿಂದೆ ಕೂತು ಅತ್ತಳು. ಅಳು ಯಾತಕ್ಕೆ ಅನ್ನುವುದೇ ಅವಳಿಗೆ ತಿಳಿಯಲಿಲ್ಲ. ಸಂಬಂಧ ತಪ್ಪಿದ್ದಕ್ಕಾ? ಇಲ್ಲ, ಬೇವೂರಿನ ವರನ ಮುಖವನ್ನೂ ಅವಳು ಸರಿಯಾಗಿ ನೋಡಿರಲಿಲ್ಲ. ಮತ್ತೆ ಯಾತಕ್ಕೆ?

ಅವನ ಆ ನಗು ನನಗಾಗಿ ಅಲ್ಲ... ನಕ್ಷೆಗಾಗಿ. ಅಷ್ಟೇ ಅಲ್ಲವೇ?

ಸುದ್ದಿ ಹುನಗುಂದ ಮುಟ್ಟಲು ತಡವಾಗಲಿಲ್ಲ. ಆ ವಾರವೇ ರಾಚಪ್ಪ ಮತ್ತೆ ಬಂದ. ನೀಲಾ ಪಕ್ಕದ ಮನೆಯ ಖೈರುನಬಿಯ ಕಟ್ಟೆಯ ಮೇಲೆ ಕೂತು ನೂಲು ಸುತ್ತುತ್ತಿದ್ದಳು.

"ತಪ್ಪಾತ್ರಿ. ನನಗ ಗೊತ್ತಿರಲಿಲ್ಲ."

"ಗೊತ್ತಿದ್ರ ಏನು ಮಾಡ್ತಿದ್ರಿ?"

ರಾಚಪ್ಪ ಹೇಳಬಾರದ ಹೊತ್ತಿನಲ್ಲಿ ಹೇಳಬಾರದ್ದನ್ನೇ ಹೇಳಿದ. "ಬರೂ ಗುರುವಾರ ಹುನಗುಂದದಾಗ ಆಕ್ಷೇಪಣಿ ಕೇಳ್ತಾರ. ವಿಜಾಪುರದಿಂದ ಸಾಹೇಬ್ರು ಬರ್ತಾರ. ನೀವು ಹೆಣ್ಮಕ್ಕಳೂ ಬಂದು ಹೇಳಬೇಕು."

ನೀಲಾಳ ಕೈಯ ನೂಲು ನಿಂತಿತು. "ಓ, ಅದಕ್ಕ ಬಂದೀರಿ."

"ಹೌದ್ರಿ... ಅಲ್ರಿ... ಅದಕ್ಕೂ ಬಂದೇನಿ."

"ನಿಮ್ಮ ಕೆಲಸ ಆತಲ್ಲ, ಹೋಗ್ರಿ."

ಅವನು ಸೈಕಲ್ ಹತ್ತಿ ಹೋದ ಮೇಲೆ ಖೈರುನಬಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. "ಏ ಹುಡುಗಿ, ಆಕ್ಷೇಪಣಿ ಹೇಳಾಕ ಬಂದಾವ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬರ್ತಾನೇನ?"

"ಸುಮ್ಮನಿರು ಬೀಬಿ."

ಆದರೆ ಆ ಮಾತು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಅವನು ಬಂದದ್ದು ಊರಿಗಾಗಿಯೋ, ನನಗಾಗಿಯೋ? ಹೌದು ಅಂದ, ಅಲ್ಲ ಅಂದ... ಒಂದನ್ನು ನೆಟ್ಟಗೆ ಹೇಳಬಾರದೇ ಈ ಮನುಷ್ಯ!

ಗುರುವಾರ ತಾಲೂಕು ಕಚೇರಿಯ ಮುಂದೆ ಶಾಮಿಯಾನ ಹಾಕಿದ್ದರು. ಬೆನಕನದಿನ್ನಿಯಿಂದ ಗಂಡಸರು ಒಂದು ಚಕ್ಕಡಿಯಲ್ಲಿ, ಹೆಂಗಸರು ಇನ್ನೊಂದರಲ್ಲಿ ಬಂದಿದ್ದರು. ರಾಚಪ್ಪ ಎದ್ದು ನಿಂತು ತನ್ನ ವರದಿ ಓದಿದ. ಬೆನಕನದಿನ್ನಿಯನ್ನು ಈಚೆ ದಂಡೆಯಲ್ಲೇ, ರಾಮಥಾಳದ ಕಡೆಯ ಊರುಗಳ ಜೊತೆ ಇಡಬೇಕು ಎಂಬುದು ಅದರ ಸಾರ.

ತುಂಬರಗುಡ್ಡದ ದೊಡ್ಡ ಕುಳ ಕಾಳಪ್ಪ ತಟ್ಟನೆ ಎದ್ದ. ಬೆನಕನದಿನ್ನಿಯ ಜನ ಸೇರಿದರೆ ಮಾತ್ರ ಮಂಡಲದ ಕಚೇರಿ ಅವನ ಊರಿಗೆ ಬರುವಂತಿತ್ತು.

"ಸಾಹೇಬ್ರ, ಈ ಗುಮಾಸ್ತ ಆ ಊರ ಅಳಿಯ. ಅಮಾತೆಪ್ಪನ ಮಗಳನ್ನ ನೋಡಿ, ಸಕ್ಕರಿ ತಿಂದು ಬಂದಾನ. ಇವನ ವರದಿ ನಂಬೂದು ಹ್ಯಾಂಗ?"

ಶಾಮಿಯಾನದ ಕೆಳಗೆ ಗುಸುಗುಸು ಎದ್ದಿತು. ನೀಲಾಳ ಮುಖ ಕೆಂಪೇರಿತು.

ಸಾಹೇಬರು ಕನ್ನಡಕ ತೆಗೆದರು. "ಏನ್ರಿ ರಾಚಪ್ಪ, ಆ ಮನೆಗೂ ನಿಮಗೂ ಏನಾದರೂ ಸಂಬಂಧ ಇದೆಯಾ?"

ಇಲ್ಲ ಅಂದುಬಿಡಿ, ಎಂದು ನೀಲಾ ಮನಸ್ಸಿನಲ್ಲೇ ಬೇಡಿಕೊಂಡಳು. ಒಂದೇ ಮಾತು. ಅದು ನಿಜವೂ ಹೌದು. ಆದರೆ ಅವನು ಹಾಗಂದರೆ ಎದೆಯಲ್ಲಿ ಏನೋ ಮುರಿಯುತ್ತದೆ ಅಂತಲೂ ಅನ್ನಿಸಿ, ತನಗೆ ಏನು ಬೇಕು ಅನ್ನುವುದೇ ಅವಳಿಗೆ ಗೊತ್ತಾಗಲಿಲ್ಲ.

ರಾಚಪ್ಪ ಕೈಯಲ್ಲಿದ್ದ ವರದಿಯನ್ನು ಸಾಹೇಬರ ಮೇಜಿನ ಮೇಲಿಟ್ಟ.

"ಆ ದಿನ ಇರಲಿಲ್ರಿ. ಸಕ್ಕರಿ ಯಾಕ ಇಟ್ಟಾರಂತ ಗೊತ್ತಿಲ್ಲದ ತಿಂದೆ. ವರದಿಯೊಳಗ ಒಂದು ಅಕ್ಷರನೂ ಸುಳ್ಳಿಲ್ಲ. ಆದ್ರ..." ಅವನು ಹೆಂಗಸರು ಕೂತ ಕಡೆ ನೋಡಿದ. "ಇವತ್ತಿಗೆ ಏನೂ ಇಲ್ಲ ಅಂದ್ರ ಸುಳ್ಳಾಗತೈತ್ರಿ. ನನ್ನ ಮನಸ್ಸು ಆ ಮನ್ಯಾಗ ಐತಿ. ನನ್ನ ವರದಿ ತಗದು ಬ್ಯಾರೆಯವರನ್ನ ಕಳಿಸ್ರಿ."

ಸಾಹೇಬರು ಕಾಗದ ಪಕ್ಕಕ್ಕಿಟ್ಟರು. "ಹಾಗಾದರೆ ಈ ವರದಿ ತಗೊಳ್ಳೋಕಾಗಲ್ಲ. ಬೇರೆ ಆಧಾರ ಇಲ್ಲದೇ ಹೋದರೆ ಕರಡಿನಲ್ಲಿ ಇದ್ದಂತೆಯೇ ಉಳಿಯುತ್ತೆ."

ನೀಲಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪ್ರೀತಿ ಹೇಳಲು ಇವನಿಗೆ ಇಡೀ ತಾಲೂಕೇ ಬೇಕಾಯಿತಾ? ಅದೂ ಊರಿನ ಹೊಟ್ಟೆಯ ಮೇಲೆ ಹೊಡೆದು! ಸಿಟ್ಟು ಬಂತು. ಆ ಸಿಟ್ಟಿನ ಅಡಿಯಲ್ಲಿ ಸಂತೋಷವೂ ಇತ್ತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಅಪ್ಪ ಕೈ ಹಿಡಿದು ಎಳೆದರೂ ಕೇಳದೆ ಎದ್ದು ನಿಂತಳು.

"ಸಾಹೇಬ್ರ, ಅಮಾತೆಪ್ಪನ ಮಗಳು ನಾನ. ಅವರ ವರದಿ ಬ್ಯಾಡಂದ್ರ ಬ್ಯಾಡ. ಆದ್ರ ಹಳ್ಳ ಅವರು ತಂದಿಟ್ಟಿದ್ದಲ್ರಿ. ಆಚೆ ದಂಡಿ ಮಂಡಲಕ್ಕ ಹಾಕಿದ್ರ ಮಳಿಗಾಲ ಮುಗಿಯೂತನಕ ನಮ್ಮ ಮಾತು ಹೇಳಾಕ ನಾವು ಹೋಗೂದು ಹ್ಯಾಂಗ? ರೊಕ್ಕ ಯಾವುದಕ್ಕ ಹೋತಂತ ಕೇಳೂದು ಹ್ಯಾಂಗ? ನೀವ ಬಂದು ನೋಡ್ರಿ. ಬ್ಯಾಸಿಗ್ಯಾಗ ಬ್ಯಾಡ, ಮಳಿ ಆದ ಮರುದಿನ ಬರ್ರಿ."

ಖೈರುನಬಿಯೂ ಎದ್ದಳು. "ಬರೂ ಮುಂದ, ತೊಯ್ದ್ರ ಹಾಕ್ಕೊಳ್ಳಾಕ ಇನ್ನೊಂದು ಜೊತಿ ಅರಿವಿ ಇಟ್ಕೊಂಡು ಬರ್ರಿ ಸಾಹೇಬ್ರ."

ಜನ ಗೊಳ್ಳೆಂದು ನಕ್ಕರು. ಸಾಹೇಬರೂ ನಕ್ಕರು. "ಬರ್ತೀನಮ್ಮ. ಎಲ್ಲರ ಎದುರಿಗೇ ನೋಡ್ತೀನಿ."

ಮಾತಿಗೆ ತಪ್ಪಲಿಲ್ಲ. ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಅವರ ಜೀಪು ಈಚೆ ದಂಡೆಯಲ್ಲಿ ನಿಂತಿತು. ಆಚೆ ದಂಡೆಯಲ್ಲಿ ಕಾಳಪ್ಪ ಕೊಡೆ ಹಿಡಿದು ನಿಂತಿದ್ದ. ನಡುವೆ ಕೆಂಪು ನೀರು ಭೋರ್ಗರೆಯುತ್ತಿತ್ತು. ತನ್ನ ವಾದ ಹೇಳಲು ಕಾಳಪ್ಪ ಕೂಗಿದ, ಕೈ ಬೀಸಿದ. ಒಂದು ಮಾತೂ ಈಚೆಗೆ ಕೇಳಿಸಲಿಲ್ಲ. ಸಾಹೇಬರು ಕಿವಿಗೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತು, ಆಮೇಲೆ ಜೀಪು ಹತ್ತಿದರು. ಹೇಳಿಸಿಕೊಳ್ಳಬೇಕಾದದ್ದು ಇನ್ನೇನೂ ಉಳಿದಿರಲಿಲ್ಲ.

ರಾಚಪ್ಪನ ಸುಳಿವು ಮಾತ್ರ ಇರಲಿಲ್ಲ. ತಾನೇ ಕೇಳಿಕೊಂಡು ಬಾದಾಮಿಗೆ ವರ್ಗ ಮಾಡಿಸಿಕೊಂಡನಂತೆ, ಅಂದರು ಯಾರೋ. ನೀಲಾ ದಿನಾ ಬಸ್ಸಿನ ಸದ್ದಿಗೆ ಕಿವಿ ಕೊಟ್ಟಳು. ತಾಲೂಕಿನ ಮುಂದೆಲ್ಲ ಹೇಳಿದವನು ನನ್ನ ಮುಂದೆ ಒಂದು ಮಾತು ಹೇಳಲು ಬರಲಿಲ್ಲ. ಮರೆತನೇ? ಆವತ್ತು ಹೇಳಿದ್ದಕ್ಕೆ ನಾಚಿಕೆಪಟ್ಟನೇ?

ಬೆನಕನದಿನ್ನಿ ಈಚೆ ದಂಡೆಯಲ್ಲೇ ಉಳಿಯಿತು ಎಂಬ ಆದೇಶವನ್ನು ಚಾವಡಿಯ ಗೋಡೆಗೆ ಅಂಟಿಸಿದರು. ಊರು ಹಿಗ್ಗಿತು. ಮರುದಿನ ಬೆಳಿಗ್ಗೆ ನೀಲಾ ಬಾಗಿಲು ತೆಗೆದರೆ ಅಂಗಳದಲ್ಲಿ ರಾಚಪ್ಪ ನಿಂತಿದ್ದ.

ಅವಳು ಹೊಸ್ತಿಲು ಬಿಟ್ಟು ಕದಲಲಿಲ್ಲ. "ಈಗ ನೆನಪಾತೇನು?"

"ಆದೇಶ ಆಗೂತನಕ ಈ ಊರಿಗೆ ಕಾಲಿಡಬಾರದು ಅಂದ್ಕೊಂಡಿದ್ದೆ. ನಾ ಬಂದಿದ್ರ ಕಾಳಪ್ಪ ಅದನ್ನೂ ಹಿಡಕೊಂಡು ನಿಲ್ತಿದ್ದ."

ಇಷ್ಟು ದಿನದ ಮೌನಕ್ಕೆ ಕಾರಣ ಇಷ್ಟೇನಾ?

"ನಿಮ್ಮ ಮಾತಿನಿಂದ ನಮ್ಮೂರು ಆಚೆ ಕಡೆ ಹೋಗಿದ್ರ?"

"ನೀವು ನನಗ ಈ ಬಾಗಲಾ ತಗೀತಿರಲಿಲ್ಲ. ಅದು ಗೊತ್ತಿದ್ದ ಹೇಳಿದೆ."

"ಗೊತ್ತಿದ್ದೂ ಯಾಕ ಹೇಳಿದ್ರಿ?"

"ಅಷ್ಟು ಮಂದಿ ಮುಂದ ನಿಮಗೂ ನನಗೂ ಏನೂ ಸಂಬಂಧ ಇಲ್ಲ ಅಂತ ನಾ ಅಂದುಬಿಟ್ಟಿದ್ರ, ಆಮ್ಯಾಲೆ ಏನು ಹೇಳಿದ್ರೂ ನೀವು ನಂಬತಿರಲಿಲ್ಲ."

ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ.

"ಅಪ್ಪ ಒಳಗ ಅದಾನ. ಹೋಗಿ ಮಾತಾಡ್ರಿ."

"ಮೊದಲ ನಿಮ್ಮನ್ನ ಕೇಳಬೇಕು. ಮತ್ತೊಮ್ಮೆ ತಿಳಿಗೇಡಿ ಆಗಾಕ ನನಗ ಧೈರ್ಯ ಇಲ್ಲ. ನಿಮಗ ಮನಸ್ಸೈತೇನು?"

"ಐತಿ," ಅಂದಳು ನೀಲಾ, ಮೆಲ್ಲಗೆ. "ನೀವು ನಕ್ಕ ದಿನದಿಂದ ಐತಿ."

"ನಾ ಯಾರಂತ ಗೊತ್ತಿರಲಿಲ್ಲಲ್ಲ ಆವಾಗ?"

"ಗೊತ್ತಾದ ಮ್ಯಾಲೂ ಆ ಮನಸ್ಸು ಹೋಗಲಿಲ್ಲ. ಅದಕ್ಕ ಅಷ್ಟು ಸಿಟ್ಟು ಬಂದಿತ್ತು."