ಬಲೆಚೀಲದ ಮೀನು

ಪೋತ್ನಾಳದ ಉದಯಕುಮಾರನ ಹೊಂಡದ ಮೀನಿನಲ್ಲಿ ಸೀಸ ಮಿತಿ ಮೀರಿದೆ ಎಂದು ಯಂತ್ರ ತೋರಿಸಿದಾಗ ಐಶ್ವರ್ಯ ಎರಡೆರಡು ಸಲ ಅಂಕಿ ನೋಡಿದಳು. ರಾಯಚೂರಿನ ಆ ಲ್ಯಾಬಿನಲ್ಲಿ ಅವಳು ಎಷ್ಟೋ ಹೊಂಡಗಳ ಮೀನು ಪರೀಕ್ಷಿಸಿದ್ದಳು, ಯಾವುದಕ್ಕೂ ಹೀಗೆ ಸಂಕಟಪಟ್ಟಿರಲಿಲ್ಲ. ವರದಿ ಕೊಟ್ಟರೆ ಅವನು ಮೀನು ಮಾರುವಂತಿಲ್ಲ. ಕೊಡದಿದ್ದರೆ ಅದು ಮಾನ್ವಿ ಸಂತೆಗೆ ಹೋಗುತ್ತದೆ, ಅಲ್ಲಿನ ಮಕ್ಕಳು ಅದನ್ನೇ ತಿನ್ನುತ್ತಾರೆ.

ಫಲಿತಾಂಶ ಕೇಳಲು ಬಂದ ಉದಯಕುಮಾರ ಎಂದಿನಂತೆ ಬಾಗಿಲಲ್ಲೇ ಚಪ್ಪಲಿ ಬಿಟ್ಟ, ಗುಡಿಗೆ ಬಂದವನ ಹಾಗೆ.

"ಯಾಕ್ರಿ ಮೇಡಂ, ಮಾರಿ ಸಣ್ಣ ಮಾಡೀರಿ? ನಾ ಬಂದದ್ದು ಸೇರಲಿಲ್ಲೇನು?"

"ಹೋದ ಸಲ ಮೀನು ಕೊಯ್ದು ಯಾಕ ತಂದ್ರಿ?"

ಅವನು ಕತ್ತು ತುರಿಸಿಕೊಂಡ. "ನಿಮ್ಮ ಜಾಲಹಳ್ಳಿ ಮನ್ಯಾಗ ಮೀನು ಹೊಸ್ತಿಲ ದಾಟಂಗಿಲ್ಲ. ಇಲ್ಲಿ ಕೊಯ್ಯುವಾಗ ದುಪಟ್ಟಾದ ಚುಂಗು ಮೂಗಿಗೆ ಹಿಡೀತೀರಿ. ನೋಡಾಕ ಆಗಲಿಲ್ರಿ. ಅದಕ್ಕ ನಾನ ತುಂಡು ಮಾಡಿ, ತೊಳದು ತಂದೆ."

ಇವನು ಅದನ್ನೂ ನೋಡಿದ್ದಾನಲ್ಲ! ಅವಳ ಕೆನ್ನೆ ಬಿಸಿಯಾಯಿತು.

"ಯಾವುದರಾಗ ತಂದ್ರಿ?"

"ಬೀಸುಬಲಿ ಚೀಲದಾಗ. ಬಲಿ ಮ್ಯಾಲ ಇಟ್ಟು."

ನೀರಿಗೆ ಬೀಸುವ ಬಲೆ ಮುಳುಗಲೆಂದು ಅಂಚಿಗೆಲ್ಲ ಪೋಣಿಸುವುದು ಸೀಸದ ಗುಂಡು. ಐಶ್ವರ್ಯ ಹಣೆ ಚಚ್ಚಿಕೊಂಡಳು. "ಯಪ್ಪಾ! ಪೋತ್ನಾಳದಿಂದ ಇಲ್ಲೀತನಕ ಆ ತುಂಡು ಸೀಸಕ್ಕ ತಿಕ್ಕಾಡಿಕೋತ ಬಂದಾವ! ಅದಕ್ಕ ಯಂತ್ರದಾಗ ಸೀಸ ಮಿತಿ ಮೀರೇದ. ನಾಳಿ ಇಡೀ ಮೀನು ತರ್ರಿ, ನಾ ಕೊಡೋ ಚೀಲದಾಗ."

ಅವನನ್ನು ಬೈದಳು, ನಿಜ. ಆದರೆ ಕೊಯ್ದ ಮೀನು ಪರೀಕ್ಷೆಗೆ ತೆಗೆದುಕೊಳ್ಳಬಾರದೆಂದು ಅವಳಿಗೆ ಗೊತ್ತಿರಲಿಲ್ಲವೇ? ಅವನ ಮುಖ ನೋಡುತ್ತ ತೆಗೆದುಕೊಂಡಿದ್ದಳು. ಸೀಸ ಪೂರ್ತಿ ಬಲೆಯದೇ ಎಂಬ ಖಾತ್ರಿಯೂ ಇರಲಿಲ್ಲ. ಹೊಂಡದ ನೀರಿನದೂ ಇರಬಹುದು.

ಮರುದಿನ ಅವನು ತಂದ ಮೀನನ್ನು ಅವಳು ಮುಟ್ಟಲಿಲ್ಲ. ಲ್ಯಾಬಿನ ಹಿರಿಯರಾದ ವಾಹಿದಾ ಮೇಡಂ ಮುಂದಿಟ್ಟಳು. "ಇದನ್ನ ನೀವ ಮಾಡ್ರಿ ಮೇಡಂ. ನಾ ಮಾಡಬಾರದು."

ವಾಹಿದಾ ಅವಳನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. ಮೀನು ತೆಗೆದುಕೊಂಡು ಒಳಗೆ ಹೋದರು.

ಹೊರಗೆ ಬೇವಿನ ನೆರಳಲ್ಲಿ ಅವನ ದನಿ ಕುಗ್ಗಿತ್ತು. "ನನ್ನ ಮೀನು ಮುಟ್ಟಲಾರದಷ್ಟು ಸಿಟ್ಟೇನ್ರಿ?"

"ಸಿಟ್ಟಲ್ರಿ."

"ಮತ್ತ?"

"ಸೀಸ ಬರಬಾರದಪ್ಪಾ ಅಂತ ನಿನ್ನಿಯಿಂದ ಬಸವಣ್ಣಗ ಕೈ ಮುಗಿಯಾಕತ್ತೀನಿ. ಹಂಗ ಬೇಡಿಕೊಂಡಾಕಿ ಆ ಯಂತ್ರದ ಮುಂದ ಕೂಡಬಾರದು."

ಅರ್ಥವಾಗಲು ಅವನಿಗೆ ತುಸು ಹೊತ್ತು ಹಿಡಿಯಿತು. ಅರ್ಥವಾದಾಗ ಕಣ್ಣು ಅರಳಿತು, ಮರುಗಳಿಗೆಯೇ ಬಾಡಿತು.

"ಹೊಂಡದಾಗ ಸೀಸ ಅದ ಅಂತ ಬಂದ್ರ?"

ಸುಳ್ಳು ಸಮಾಧಾನ ಅವಳ ಬಾಯಿಗೆ ಬರಲಿಲ್ಲ. "ಬಂದ್ರ ಇದ್ದ ಮೀನೆಲ್ಲಾ ತಗದು ಹುಗೀಬೇಕು. ಒಬ್ಬರ ಕೈಲೆ ಆಗೋ ಕೆಲಸಲ್ಲ. ನಾನೂ ಬರ್ತೀನಿ."

"ವಾಸನಿ ಬಾಳ ಬರ್ತದ್ರಿ," ಎಂದ ಅವನು.

ಐಶ್ವರ್ಯ ದುಪಟ್ಟಾದ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬರಲಿ."