ಫೋಟೊ ತೆಗೆದಾಕಿ

"ಫೋಟೊ ತೆಗೆದಾಕಿ ಪೂರ್ಣಿಮಾ, ಸರ್."

ತಪ್ಪು ಯಾರದೆಂದು ಕೇಳಿದ್ದಕ್ಕೆ ಧನರಾಜ ಅವಳ ಕಡೆ ನೋಡದೆಯೇ ಹೇಳಿಬಿಟ್ಟ. ಹೈದರಾಬಾದಿನ ಆ ತಾಂತ್ರಿಕ ವಿಶ್ವವಿದ್ಯಾಲಯದ ಕೋಣೆಯಲ್ಲಿ ಪ್ರೊಫೆಸರ್ ಉಮಾಕಾಂತರು, ಪರೀಕ್ಷಕರು, ಎಲ್ಲರೂ ಪೂರ್ಣಿಮಾಳತ್ತ ತಿರುಗಿದರು. ಇವನಾ... ಇವನೇನಾ ಹೀಗೆ ಹೇಳಿದ್ದು?

ಅವಳು ಮೊಗುಡಂಪಲ್ಲಿಯ ಕುರಿ ಸಾಕುವ ಮನೆಯ ಮಗಳು, ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂಎಸ್ಸಿ ಮಾಡಿದವಳು. ಅವನು ತಾಂಡೂರಿನ ವ್ಯಾಪಾರಿ ಮನೆಯ ಹುಡುಗ. ಇಬ್ಬರಿಗೂ ಉಮಾಕಾಂತರ ಲ್ಯಾಬಿನಲ್ಲಿ ತಾತ್ಕಾಲಿಕ ಕೆಲಸ. ಮುಖ ನೋಡಿ ಕುರಿ ಯಾರ ಮನೆಯದೆಂದು ಹೇಳುವುದನ್ನು ಕಂಪ್ಯೂಟರಿಗೆ ಕಲಿಸಬೇಕಿತ್ತು. ಕೊನೆಗೆ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಸಂಶೋಧಕರ ಹುದ್ದೆ, ಜೊತೆಗೆ ಪಿಎಚ್‌ಡಿ ಸೀಟು.

ಯಾರಿಗೆ ಸಿಕ್ಕರೂ ಸರಿ, ಆಮೇಲೆ ಮನೆಯಲ್ಲಿ ಮದುವೆಯ ಮಾತೆತ್ತೋಣ ಎಂದಿದ್ದ ಧನರಾಜ. ಪಾಪ, ಹುಡುಗಿ ನಂಬಿದ್ದಳು!

ಫೋಟೊ ತೆಗೆಯಲು ಅವನೂ ಜೊತೆಗೆ ಊರಿಗೆ ಬಂದ ದಿನ ಅವಳ ಅವ್ವ ಅಮೃತಬಾಯಿ ಕುರಿಗಳ ಹಣೆಗೆ ಹೊಸದಾಗಿ ಕೆಂಪು ಬಳಿದಿದ್ದಳು. ಪಕ್ಕದ ಮನೆಯವರದು ನೀಲಿ, ಕಾಕಾನದು ಹಸಿರು. ಮಂದೆ ಬೆರೆತರೆ ಗುರುತು ಸಿಗಲೆಂದು ಮನೆಗೊಂದು ಬಣ್ಣ. ತೊಳೆದೇ ತೆಗೆಯೋಣವೆಂದು ಪೂರ್ಣಿಮಾ ಬಕೆಟ್ ತಂದಾಗ ತಡೆದವನು ಧನರಾಜನೇ. ಅತ್ತಿ ನನ್ನ ಸಲುವಾಗಿ ಸಿಂಗಾರ ಮಾಡ್ಯಾಳ, ಇರಲಿ ಬಿಡು ಎಂದು ನಕ್ಕಿದ್ದ. ಅವ್ವನನ್ನು ಅತ್ತೆಯೆಂದ ಆ ಒಂದು 'ಅತ್ತಿ'ಗೆ ಅವಳು ಕರಗಿಹೋಗಿ, ಬಣ್ಣವಿದ್ದಂತೆಯೇ ಫೋಟೊ ತೆಗೆದಿದ್ದಳು.

ಕಂಪ್ಯೂಟರ್ ಮುಖ ಕಲಿಯಲೇ ಇಲ್ಲ, ಬಣ್ಣ ಕಲಿತಿತ್ತು. ಪರೀಕ್ಷಕರು ಬಣ್ಣವಿಲ್ಲದ ಕುರಿಗಳನ್ನು ತೋರಿಸಿದಾಗ ಹೇಳಿದ್ದೆಲ್ಲ ತಪ್ಪಾಯಿತು.

ಕುರಿ ಕಾಯುವವರ ಮಗಳಿಗೆ ಇಷ್ಟೂ ತಿಳಿಯಲಿಲ್ಲವೇ ಎಂದು ಪರೀಕ್ಷಕರಲ್ಲಿ ಒಬ್ಬರು ನಕ್ಕರು. ತಡೆದವನು ತಾನೆಂದು ಈಗ ಹೇಳುತ್ತಾನೆ... ಈಗಲಾದರೂ ಹೇಳುತ್ತಾನೆ ಎಂದು ಅವಳು ಕಾದಳು. ಅವನು ಬಾಯಿ ಬಿಡಲಿಲ್ಲ.

ಅವಳ ಕೆಲಸ ಹೋಯಿತು. ಹುದ್ದೆ ಅವನಿಗಾಯಿತು.

ಚಳಿಗಾಲ ಮುಗಿಯುವ ಹೊತ್ತಿಗೆ ಅವನು ಜಹೀರಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಅವಳೆದುರು ಬಂದು ನಿಂತ. ಅವಳು ಅಲ್ಲೇ ಒಂದು ಟ್ಯೂಷನ್ ಸೆಂಟರಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಅವನ ಮುಖ ಬಾಡಿತ್ತು. ಹುದ್ದೆ ಕೈತಪ್ಪುವುದೆಂದು ಹೆದರಿ ಹಾಗೆ ಮಾಡಿದೆ, ಅಂದಿನಿಂದ ಕಣ್ಣಿಗೆ ನಿದ್ದೆಯಿಲ್ಲ, ಮಾಫ್ ಮಾಡು ಎಂದ.

"ಎಲ್ಲಾರ ಮುಂದ ಹೊಡದು, ಒಬ್ಬಾಕಿ ಮುಂದ ಮಾಫಿ ಕೇಳ್ತೀರೇನ್ರಿ?"

ಅವಳು ಫೋನ್ ತೆಗೆದು ಉಮಾಕಾಂತರಿಗೆ ಕರೆ ಮಾಡಿ, ಸ್ಪೀಕರ್ ಹಾಕಿ ಅವನ ಮುಂದೆ ಹಿಡಿದಳು. ಕನಿಕರ ಅವಳ ಕಣ್ಣಲ್ಲಿ ಒಂದಿಷ್ಟೂ ಇರಲಿಲ್ಲ. "ಹೇಳ್ರಿ."

ಅವನು ಫೋನಿನತ್ತ ಬಾಗಿದ.

"ಸರ್... ಬಣ್ಣ ತೊಳಿಬ್ಯಾಡ ಅಂದಾಂವ ನಾನೇ. ಪೂರ್ಣಿಮಾಂದು ತಪ್ಪಿಲ್ಲ."

ಉಮಾಕಾಂತರು ಅಲ್ಲೇ ಅವನ ರಾಜೀನಾಮೆ ಕೇಳಿದರು. ಹುದ್ದೆಗೆ ಮತ್ತೆ ಸಂದರ್ಶನ ಕರೆಯುತ್ತೇವೆ, ಪೂರ್ಣಿಮಾ ಬರಲಿ ಎಂದು ಫೋನಿಟ್ಟರು.

ಗೆದ್ದೆನೆಂದು ಅವಳಿಗೆ ಅನ್ನಿಸಲಿಲ್ಲ. ಅಳು ಬಂತು. ಇಷ್ಟೆಲ್ಲ ಆದರೂ ಇವನೇ ಬೇಕೆನ್ನುವ ತನ್ನ ಮನಸ್ಸಿನ ಮೇಲೆ ಸಿಟ್ಟೂ ಬಂತು.

"ಈಗ ನನ್ನ ಕೈಯಾಗ ಏನೂ ಉಳಿಲಿಲ್ಲ," ಎಂದ ಅವನು.

"ಆ ನೌಕರಿ ಸಿಕ್ಕರ ನಾ ನಿನಗ ವಾಪಸ್ ಕೊಡಂಗಿಲ್ಲ."

"ನಾ ನೌಕರಿ ಕೇಳಾಕ ಬಂದಿಲ್ಲ ಪೂರ್ಣಿಮಾ. ನಿನ್ನ ಕೇಳಾಕ ಬಂದೀನಿ."

ಅವಳು ಅವನ ಕೈ ಹಿಡಿದಳು. ನೋಯುವಷ್ಟು ಬಿಗಿಯಾಗಿ ಹಿಡಿದಳು.

"ನಿನ್ನ ಮ್ಯಾಲ ಜೀವ ಅದ, ಧನರಾಜ. ನಂಬಿಕಿ ಇಲ್ಲ."

"ಅದು ಬರೋತನಕ ಕಾಯ್ತೀನಿ."

"ಭಾಳ ದಿನ ಆಗ್ತದ..."

"ಆಗ್ಲಿ."