ಕೆಂಪು ಕೊಂಡಿಗೆ ಬಿದ್ದ ಸರಪಳಿ

"ನನ್ನ ಮೈದುನ ಒಪ್ಪಿಕೊಂಡುಬಿಟ್ಟಿದ್ದಾನೆ ಮೇಡಂ," ಎಂದರು ಅಳತೆ ಅಮ್ಮನ ಮನೆ ಬಾಗಿಲಲ್ಲಿ ನಿಂತಿದ್ದ ಹೆಂಗಸು. "ನಮ್ಮಣ್ಣನ್ನ ನಾನೇ ಕೊಂದೆ ಅಂದನಂತೆ. ಅಷ್ಟೇ. ಆಮೇಲೆ ತುಟಿ ಪಿಟಕ್ ಅಂದಿಲ್ಲ."

ಚಹಾ ಕುಡಿಯುತ್ತಿದ್ದ ಸರಪಳಿಯಣ್ಣ ಲೋಟ ಕೆಳಗಿಟ್ಟು ಕುರ್ಚಿ ಎಳೆದುಕೊಟ್ಟ. ಭೂಮಾಪನ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಅಳತೆಯ ಸರಪಳಿಯ ಇನ್ನೊಂದು ತುದಿ ಹಿಡಿದವನು ಅವನು. ಮೊದಲ ತುದಿ ಹಿಡಿದವರು ಅಳತೆ ಅಮ್ಮ. ಇಬ್ಬರೂ ನಿವೃತ್ತರಾದರೂ ಅಮ್ಮನ ಹಿಂದೆ ಹೋಗುವ ಚಾಳಿ ಅವನನ್ನು ಬಿಟ್ಟಿರಲಿಲ್ಲ. ಪೊಲೀಸರು ಕೈಚೆಲ್ಲಿದ ಎಷ್ಟೋ ಪ್ರಕರಣಗಳನ್ನು ಅಮ್ಮ ಬಿಡಿಸಿದ್ದರು. ಪ್ರತಿ ಸಲವೂ ತನಗೇ ಮೊದಲು ಹೊಳೆದಿತ್ತು ಎಂದು ಸರಪಳಿಯಣ್ಣ ಹೇಳಿಕೊಳ್ಳುತ್ತಿದ್ದ. ಅದನ್ನು ಯಾರೂ ನಂಬುತ್ತಿರಲಿಲ್ಲ.

ಹೆಂಗಸು ಹಿಂದಿನ ದಿನವಷ್ಟೇ ಗಂಡನನ್ನು ಕಳೆದುಕೊಂಡಿದ್ದರು. ಗಂಡ ಮತ್ತು ಮೈದುನ ಅಕ್ಕಪಕ್ಕದ ಹೊಲದವರು. ನಡುವೆ ಮರದ ಕಂಬಗಳ ಬೇಲಿ. ಇಪ್ಪತ್ತಾರು ವರ್ಷದಿಂದ ಎರಡು ಮನೆಗೂ ಮಾತಿಲ್ಲ, ಮುಖ ನೋಡುವುದಿಲ್ಲ. ಮೂರು ದಿನ ಮಗಳ ಮನೆಯಲ್ಲಿದ್ದು ನಿನ್ನೆ ಸಂಜೆ ಹಿಂತಿರುಗಿದ ಹೆಂಗಸು ಗಂಡನನ್ನು ಹುಡುಕುತ್ತ ಬೇಲಿಯ ಹತ್ತಿರ ಹೋಗಿದ್ದರು. ಹನ್ನೆರಡು ಕಂಬಗಳು ನೆಲದಿಂದ ಹೊರಬಂದಿದ್ದವು. ಹದಿಮೂರನೆಯದು, ಕೊನೆಯದು, ನಿಂತೇ ಇತ್ತು. ಅದರ ಮುಂದೆ ಅವರ ಸಣ್ಣ ಟ್ರ್ಯಾಕ್ಟರ್ ಅಂಗಾತ ಬಿದ್ದಿತ್ತು, ಕೆಳಗೆ ಗಂಡ.

"ಸೀಟಿನ ಹಿಂದೆ ಮೇಲೊಂದು ಕೊಂಡಿ ಇದೆ. ಅದಕ್ಕೆ ಯಜಮಾನರೇ ಕೆಂಪು ಬಣ್ಣ ಬಳಿದಿದ್ರು," ಎಂದರು ಹೆಂಗಸು. "ಕಂಬ ಎಳೆಯೋ ಸರಪಳಿ ಅಲ್ಲಿ ಹಾಕಿದ್ರೆ ಮುಂದಿನ ಚಕ್ರ ಎದ್ದು ಗಾಡಿ ಹಿಂದಕ್ಕೆ ಮಗುಚತ್ತೆ, ಕೆಳಗಿನ ಕೊಂಡಿಗೇ ಹಾಕಬೇಕು ಅಂತ ಬಂದವರಿಗೆಲ್ಲ ಪಾಠ ಮಾಡ್ತಿದ್ರು. ನಿನ್ನೆ ಸರಪಳಿ ಇದ್ದದ್ದು ಆ ಕೆಂಪು ಕೊಂಡಿಯಲ್ಲೇ. ಅವರು ಅಲ್ಲಿ ಕಟ್ಟೋರಲ್ಲ ಮೇಡಂ."

"ಹಾಗಾದ್ರೆ ಮೈದುನ ಕಟ್ಟಿದ ಅಂತೀರಿ."

"ಅವನೇ ಅಂತಾನಲ್ಲ! ನಂಬೋದಕ್ಕೆ ನನಗೇನೂ ಕಷ್ಟ ಇಲ್ಲ. ಆದ್ರೆ ಇಷ್ಟು ವರ್ಷ ಸುಮ್ಮನಿದ್ದವನು ಈಗ ಯಾಕೆ? ಅದು ಗೊತ್ತಾಗೋತನಕ ನನ್ನ ಗಂಟಲಲ್ಲಿ ನೀರೂ ಇಳಿಯಲ್ಲ. ಮೂರು ಗಂಟೆಗೆ ಅವನನ್ನ ಕೋರ್ಟಿಗೆ ಕರ್ಕೊಂಡು ಹೋಗ್ತಾರೆ. ಆಮೇಲೆ ನಾನು ಯಾರನ್ನ ಕೇಳಲಿ?"

ಅಳತೆ ಅಮ್ಮ ಸರಪಳಿಯಣ್ಣನ ಕಡೆ ನೋಡಿದರು. "ಸರಪಳಿ, ಆ ಬೇಲಿಯ ಗೆರೆ ಅಳೆದದ್ದು ನಾವೇ ಅಲ್ವಾ?"

ಅವನಿಗೂ ನೆನಪಾಯಿತು, ಇಪ್ಪತ್ತಾರು ವರ್ಷದ ಹಿಂದಿನ ಮಾತು. ಗೆರೆ ಒಂದು ಅಡಿ ಆಚೆ ಹೋಗಬೇಕೆಂದು ತಮ್ಮ ಹಟ ಹಿಡಿದಿದ್ದ. ನೆರೆದವರ ಮುಂದೆಯೇ ಅಣ್ಣ, "ನಿನಗೇನೂ ಗೊತ್ತಿಲ್ಲ, ಸುಮ್ನಿರು" ಎಂದಿದ್ದ. ಅಳೆದು ನೋಡಿದರೆ ಅಣ್ಣ ಹೇಳಿದ್ದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಯಾರೋ ನಕ್ಕರು. ಕೈಯಲ್ಲಿದ್ದ ಹಾರೆಯನ್ನು ಬಿಸಾಡಿ ಹೋದ ತಮ್ಮ ಮತ್ತೆ ಅಣ್ಣನ ಜೊತೆ ಮಾತಾಡಲಿಲ್ಲ.

"ಅಳತೆ ಸರಿಯಾಗಿತ್ತು ಮೇಡಂ," ಎಂದ ಸರಪಳಿಯಣ್ಣ.

"ಸರಿಯಾಗಿತ್ತು," ಎಂದು ಅಮ್ಮ ಚಪ್ಪಲಿ ಮೆಟ್ಟಿದರು.

ಹೊಲದಲ್ಲಿ ಕಾವಲಿಗೆ ಒಬ್ಬ ಪೇದೆ ಇದ್ದ. ಹೆಣ ತೆಗೆಯಲು ಕ್ರೇನ್ ತರಿಸಿ ಎತ್ತಿದ್ದ ಟ್ರ್ಯಾಕ್ಟರ್ ಪಕ್ಕದಲ್ಲಿ ನೆಟ್ಟಗೆ ನಿಂತಿತ್ತು. ಬೇರೇನನ್ನೂ ಮುಟ್ಟಿಲ್ಲ ಎಂದು ಪೇದೆ ಆಣೆ ಹಾಕಿದ. ಚಾಲಕನನ್ನು ಕಾಯಬೇಕಾದ ಹಿಂದಿನ ಕಬ್ಬಿಣದ ಕಮಾನು ಮಡಚಿಕೊಂಡಿತ್ತು. ಬೇಲಿಯುದ್ದಕ್ಕೂ ಮರದ ಕೊಂಬೆಗಳು ತಗ್ಗಾಗಿ ಬಾಗಿದ್ದವು, ಅವಕ್ಕೆ ತಾಗುತ್ತದೆಂದು ಮಡಚಿರಬೇಕು. ಅದೊಂದು ನಿಂತಿದ್ದರೆ ಮನುಷ್ಯ ಉಳಿಯುತ್ತಿದ್ದ ಎಂದುಕೊಂಡ ಸರಪಳಿಯಣ್ಣ.

ಅವನು ಸರಪಳಿಯ ಹತ್ತಿರ ಕುಳಿತ. ಜಗತ್ತಿನಲ್ಲಿ ಅವನಿಗೆ ಚೆನ್ನಾಗಿ ತಿಳಿದ ವಸ್ತುವೆಂದರೆ ಅದೊಂದೇ. "ಮೇಡಂ, ಇದಕ್ಕೆ ಗಟ್ಟಿ ಕೊಕ್ಕೆ ಇದೆ. ಆದರೂ ಕೊಕ್ಕೆ ಹಾಕಿಲ್ಲ. ಕೊಂಡಿಗೆ ಎರಡು ಸುತ್ತು ಸುತ್ತಿ ಮರದ ಬೆಣೆ ತೂರಿಸಿದ್ದಾರೆ. ಎತ್ತಿನ ನೊಗಕ್ಕೆ ಹೀಗೆ ಕಟ್ತಿದ್ರು. ನಮ್ಮಪ್ಪನ ಕಾಲದ್ದು."

"ನಮ್ಮ ಮಾವನೂ ಹಾಗೇ ಕಟ್ತಿದ್ರು," ಎಂದರು ಹೆಂಗಸು. "ಯಜಮಾನರು ಟ್ರ್ಯಾಕ್ಟರ್ ತಂದಮೇಲೆ ಅದನ್ನ ಬಿಟ್ಟರು. ಅವನಿಗೆ ಮಾತ್ರ ಈಗಲೂ ಅಪ್ಪ ಮಾಡಿದ್ದೇ ವೇದವಾಕ್ಯ."

"ಅಲ್ಲಿಗೆ ಮುಗೀತು!" ಎಂದ ಸರಪಳಿಯಣ್ಣ. "ಅಣ್ಣ ಎಲ್ಲೋ ಆಚೆ ಹೋದಾಗ ತಮ್ಮ ಕದ್ದು ಬಂದು ಸರಪಳಿ ಬದಲಾಯಿಸಿದ. ಅಣ್ಣ ನೋಡದೆ ಹತ್ತಿ ಕೂತ."

ಅಮ್ಮ ನೆಲ ತೋರಿಸಿದರು. ಬೆಣೆ ಕೆತ್ತಿದ ಹಸಿ ಚಕ್ಕೆಗಳು ಅಲ್ಲೇ ರಾಶಿಯಾಗಿ ಬಿದ್ದಿದ್ದವು. "ಕದ್ದು ಬಂದವನು ಇಲ್ಲೇ ಕೂತು ಇಷ್ಟು ನಿಧಾನವಾಗಿ ಬೆಣೆ ಕೆತ್ತುತ್ತಾನಾ?"

ಆಮೇಲೆ ಅವರು ಬೇಲಿಯುದ್ದಕ್ಕೂ ನಡೆದರು. ಹನ್ನೆರಡು ಗುಂಡಿಗಳೂ ನೆಟ್ಟಗೆ, ದುಂಡಗೆ ಇದ್ದವು. ಕಂಬದ ಬುಡಕ್ಕೆ ಸರಪಳಿ ಸುತ್ತಿ ಟ್ರ್ಯಾಕ್ಟರಿನ ಮುಂದಿನ ಮಣ್ಣೆತ್ತುವ ಬಕೆಟ್ಟಿನಿಂದ ಮೇಲಕ್ಕೆ ಎತ್ತಿದ್ದರು. ಹದಿಮೂರನೆಯದರ ಒಂದು ಪಕ್ಕ ಹಳ್ಳ, ಇನ್ನೊಂದು ಪಕ್ಕ ಕಲ್ಲಿನ ಗೋಡೆ. ಅಲ್ಲಿಗೆ ಬಕೆಟ್ ಹೋಗುವಂತಿರಲಿಲ್ಲ. ಹಿಂದಿನಿಂದಲೇ ಎಳೆಯಬೇಕಿತ್ತು.

ಕಿತ್ತ ಕಂಬಗಳನ್ನು ಒಂದರ ಮೇಲೊಂದು ಒಪ್ಪವಾಗಿ ಪೇರಿಸಿತ್ತು. "ಒಂದನ್ನ ಎತ್ತು ನೋಡೋಣ," ಎಂದರು ಅಮ್ಮ. ಸರಪಳಿಯಣ್ಣ ಒಂದು ತುದಿ ಎತ್ತಿ, ಮುಖ ಕೆಂಪಗೆ ಮಾಡಿಕೊಂಡು ಕೈಬಿಟ್ಟ. "ಈ ವಯಸ್ಸಿಗೆ ನನ್ನ ಸೊಂಟ ಮುರಿಸಬೇಕು ಅಂತಿದ್ದೀರಾ?" ಪಕ್ಕದಲ್ಲಿ ಎರಡು ಡಬ್ಬಿಗಳಲ್ಲಿ ಹಳೆಯ ಮೊಳೆಗಳಿದ್ದವು. ಒಂದರಲ್ಲಿ ಪ್ರತಿ ಮೊಳೆಯನ್ನೂ ಬಡಿದು ನೇರ ಮಾಡಿ ಹಾಕಿತ್ತು, ಇನ್ನೊಂದರಲ್ಲಿ ಸೊಟ್ಟಗಿದ್ದವನ್ನು ಹಾಗೇ ಎಸೆದಿತ್ತು. ಅಣ್ಣನ ಶವದ ಮೇಲೆ ಏನೇನಿತ್ತೆಂದು ಅಮ್ಮ ಕೇಳಿದಾಗ ಪೇದೆ ಪಟ್ಟಿ ಓದಿದ. ಅದರಲ್ಲಿ ಕೈಯಲ್ಲಿದ್ದ ದಪ್ಪ ಚರ್ಮದ ಕೈಗವಸೂ ಒಂದು.

"ಈಗ ಸೀಟಿನ ಮೇಲೆ ಕೂರು."

ಸರಪಳಿಯಣ್ಣ ಕುಳಿತ. ಮೊಣಕಾಲು ಸ್ಟಿಯರಿಂಗಿಗೆ ತಾಗಿತು. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದಿತ್ತು.

"ನಿಮ್ಮ ಯಜಮಾನರು ಎಷ್ಟು ಎತ್ತರ?"

"ಇವರಿಗಿಂತ ಒಂದು ಗೇಣು ಹೆಚ್ಚೇ. ಮೈದುನ ಕುಳ್ಳ." ಹೇಳುತ್ತಲೇ ಹೆಂಗಸಿನ ಮುಖ ಬಣ್ಣಗೆಟ್ಟಿತು.

ಟ್ರ್ಯಾಕ್ಟರ್ ಬಿದ್ದಿದ್ದ ಜಾಗದ ಅಂಚಿನಲ್ಲಿ ನೀಲಿ ಹಿಡಿಯ ಜಾಕ್ ಒಂದು ಕೆಸರಿನಲ್ಲಿ ಮೊಣಕಾಲುದ್ದ ಹೂತಿತ್ತು. ಅದರ ಕೆಳಗೆ ಎರಡಾಗಿ ಸೀಳಿದ ಹಲಗೆ. ಅಮ್ಮ ಅಣ್ಣನ ಶೆಡ್ಡಿಗೂ ತಮ್ಮನ ಶೆಡ್ಡಿಗೂ ಹೋಗಿ ಬಂದರು. ಅಣ್ಣನ ಜಾಕ್ ಗೋಡೆಯ ಮೇಲೆ ತನ್ನ ಜಾಗದಲ್ಲೇ ತೂಗುತ್ತಿತ್ತು.

ಅಮ್ಮ ಹೇಳಿಕಳಿಸಿದ್ದರಿಂದ ಎರಡೂವರೆಗೆ ಇನ್ಸ್‌ಪೆಕ್ಟರ್ ತಮ್ಮನನ್ನು ಕರೆತಂದರು. ಎಲ್ಲರೂ ಹದಿಮೂರನೆಯ ಕಂಬದ ಸುತ್ತ ನಿಂತರು. ತಮ್ಮ ಅತ್ತಿಗೆಯ ಕಡೆ ನೋಡಲಿಲ್ಲ. ಅವನ ಎರಡೂ ಅಂಗೈ ಸುಲಿದು ಹಸಿಯಾಗಿದ್ದವು.

"ಇನ್ಸ್‌ಪೆಕ್ಟರೇ," ಎಂದರು ಅಳತೆ ಅಮ್ಮ, "ಈ ಮನುಷ್ಯ ಹೇಳಿದ್ದು ಸುಳ್ಳು. ಇವರು ಕೊಂದಿಲ್ಲ. ಅಣ್ಣ ತಮ್ಮ ಇಬ್ಬರೂ ಸೇರಿ ಈ ಬೇಲಿ ಕೀಳ್ತಿದ್ರು."

"ಈ ಇಬ್ಬರಾ?" ಇನ್ಸ್‌ಪೆಕ್ಟರ್ ನಕ್ಕೇಬಿಟ್ಟರು. "ಇವರದು ಹಾವು ಮುಂಗುಸಿ ಸಂಬಂಧ ಅಂತ ಊರಿಗೇ ಗೊತ್ತು."

"ಊರಿಗೆ ಗೊತ್ತಿದ್ದದ್ದು ಹಳೇ ಸಮಾಚಾರ. ಈ ಕಂಬಗಳನ್ನ ಒಬ್ಬನೇ ಪೇರಿಸೋಕಾಗಲ್ಲ, ಸರಪಳಿಯಣ್ಣನ ಸೊಂಟ ಕೇಳಿ. ಮೊಳೆ ಕಿತ್ತ ಕೈಗಳೂ ಎರಡು. ಒಬ್ಬರು ನೇರ ಮಾಡಿ ಇಟ್ಟಿದ್ದಾರೆ, ಇನ್ನೊಬ್ಬರು ಹಾಗೇ ಎಸೆದಿದ್ದಾರೆ. ಸೀಟು ಮುಂದಕ್ಕಿತ್ತು ಅಂದ್ರೆ ಬೆಳಿಗ್ಗೆಯಿಂದ ಗಾಡಿ ಓಡಿಸಿದವರು ತಮ್ಮ. ಅಣ್ಣನ ಕೈಯಲ್ಲಿ ಚರ್ಮದ ಕೈಗವಸು, ಅಂದ್ರೆ ಕೆಳಗೆ ನಿಂತು ಕಂಬ ಹಿಡಿದವರು ಅವರು. ಅಣ್ಣ ಸತ್ತಮೇಲೆ ಆ ಜಾಕ್ ತಂದವರು ಯಾರು? ತಮ್ಮನ ಶೆಡ್ಡಿನಲ್ಲಿ ಎಲ್ಲ ಸಾಮಾನಿಗೂ ನೀಲಿ ಬಣ್ಣ ಇದೆ, ನೋಡಿ ಬನ್ನಿ. ಕೊಲ್ಲೋಕೆ ಬಂದವನು ಎತ್ತೋಕೆ ಜಾಕ್ ತರಲ್ಲ. ಅದು ಕೆಸರಲ್ಲಿ ಇಳೀತು, ಹಲಗೆ ಸೀಳಿತು. ಆಮೇಲೆ ಬರೀ ಕೈಯಲ್ಲಿ ಎತ್ತಿದ್ದಾರೆ. ಆ ಅಂಗೈ ನೋಡಿ."

"ಸರಪಳಿ ಕಟ್ಟಿದ್ದು?"

"ಇವರೇ. ಅಪ್ಪ ಎತ್ತಿನ ನೊಗಕ್ಕೆ ಎತ್ತರದಲ್ಲಿ ಕಟ್ಟುತ್ತಿದ್ದ ಹಾಗೆ, ಅದೇ ಬೆಣೆ ಹಾಕಿ, ಪ್ರೀತಿಯಿಂದ ಕಟ್ಟಿದ್ದಾರೆ. ಎತ್ತಿಗೆ ಅದು ಸರಿ, ಟ್ರ್ಯಾಕ್ಟರಿಗೆ ಅಲ್ಲ. ಕೆಂಪು ಬಣ್ಣದ ಅರ್ಥ ಇವರಿಗೆ ಗೊತ್ತಿರಲಿಲ್ಲ. ಬಂದವರಿಗೆಲ್ಲ ಅಣ್ಣ ಹೇಳ್ತಿದ್ರು, ಆದ್ರೆ ಬೇಲಿಯ ಆಚೆಗಿದ್ದ ತಮ್ಮನಿಗೆ ಯಾರು ಹೇಳಬೇಕು?"

"ಅಣ್ಣನಿಗೆ ಗೊತ್ತಿತ್ತಲ್ಲ!" ಎಂದು ಹೆಂಗಸು ಕೂಗಿದರು. "ಅವರು ನೋಡಲಿಲ್ವಾ?"

ಅಳತೆ ಅಮ್ಮ ತಮ್ಮನ ಕಡೆ ತಿರುಗಿದರು. ಅವರ ದನಿ ತಗ್ಗಿತು. "ನೋಡಿದರು. ಬೆಳಿಗ್ಗೆಯೆಲ್ಲ ಕೆಳಗಿದ್ದವರು, ಈ ಒಂದು ಕಂಬಕ್ಕೆ ಮಾತ್ರ ಗಾಡಿ ಹತ್ತಿದರು. ಸೀಟು ಹಿಂದಕ್ಕೆ ಸರಿಸೋಷ್ಟು, ಕೈಗವಸು ಬಿಚ್ಚೋಷ್ಟು ಹೊತ್ತೂ ಕಾಯಲಿಲ್ಲ. ನೋಡಪ್ಪಾ, ಅಣ್ಣ ಏನಂದ್ರು ಅಂತ ನೀನೇ ಹೇಳು."

ತಮ್ಮ ಕಂಬಕ್ಕೆ ಕೈ ಊರಿ ನಿಂತ.

"ಹೋದ ವಾರ ಅವನೇ ಬೇಲಿ ಹತ್ತಿರ ಬಂದು, ಕಂಬ ಲಡ್ಡಾಗಿ ಕೊಳೀತಿವೆ, ಹೊಸದು ಹಾಕಿಸಲಾ ಅಂದ. ನಾನು, ಬೇಲಿಯೇ ಬೇಡ ಅಂದೆ. ಅಷ್ಟೇ ಮಾತು. ಇಬ್ಬರೂ ಅತ್ತುಬಿಟ್ಟೆವು. ಅತ್ತಿಗೆ ಬರೋದರೊಳಗೆ ಒಂದು ಕಂಬವೂ ಇರಬಾರದು, ನೀನೇ ನಮ್ಮನೆ ಬಾಗಿಲಿಗೆ ಹೋಗಿ ಚಹಾ ಕೇಳು ಅಂದಿದ್ದ. ಬೆಳಿಗ್ಗೆಯೆಲ್ಲ ನಾನು ಹೇಳಿದ್ದಕ್ಕೆಲ್ಲ ಹೂಂ ಅಂತಾನೇ ಇದ್ದ. ಕೊನೇದಕ್ಕೆ ಅಪ್ಪನ ಹಾಗೆ ಕಟ್ತೀನಿ ಅಂದೆ. ಕಟ್ಟಿದ್ದನ್ನ ಬಂದು ನೋಡಿದ. ಬಾಯಿ ತೆರೆದ. ನನ್ನ ಮುಖ ನೋಡಿದ, ಮತ್ತೆ ಮುಚ್ಚಿಕೊಂಡ. 'ನೀನಿಳಿ, ಇದೊಂದನ್ನ ನಾನು ಮೆಲ್ಲಗೆ ಎಳೀತೀನಿ' ಅಂದ."

ಸರಪಳಿಯಣ್ಣನ ಕಣ್ಣು ಮಂಜಾಯಿತು. ಅಂದು ನೆರೆದವರ ನಡುವೆ ನಕ್ಕವರಲ್ಲಿ ತಾನೂ ಒಬ್ಬ ಎಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ.

"ಅವನಿಗೆ ಅಪಾಯ ಗೊತ್ತಿತ್ತು ಅಂತ ನನಗೆ ಹೊಳೆದದ್ದು ಅವನು ಕೆಳಗೆ ಬಿದ್ದಮೇಲೆ," ಎಂದ ತಮ್ಮ. "ನನಗೆ ಬೇಜಾರಾಗತ್ತೆ ಅಂತ ಅವನು ಬಾಯಿ ಬಿಡಲಿಲ್ಲ ಅತ್ತಿಗೆ. ನಾನು ಅವತ್ತು ಹಾರೆ ಬಿಸಾಡಿ ಹೋಗದಿದ್ದರೆ, ನಿನ್ನೆ ಅವನು 'ಅಲ್ಲಿ ಕಟ್ಟಬೇಡ್ವೋ ದಡ್ಡ' ಅಂತಿದ್ದ. ಕೊಂದದ್ದು ನಾನಲ್ಲದೆ ಮತ್ಯಾರು? ಒಟ್ಟಿಗೆ ಕೆಲಸ ಮಾಡ್ತಿದ್ವಿ ಅಂದ್ರೆ ಯಾರು ನಂಬ್ತಿದ್ರು? ನೀವು ನಂಬ್ತಿದ್ರಾ?"

"ಇಲ್ಲ," ಎಂದರು ಹೆಂಗಸು. "ನಂಬ್ತಿರಲಿಲ್ಲ."

ಇನ್ಸ್‌ಪೆಕ್ಟರ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. ಆಕಸ್ಮಿಕ ಸಾವು ಎಂದು ಬರೆಯುವುದಾಗಿ ಗೊಣಗಿ, ಪೇದೆಯನ್ನು ಕರೆದುಕೊಂಡು ಹೊಲ ದಾಟಿದರು. ಸರಪಳಿಯಣ್ಣ ಹೊರಡಲೆಂದು ಅಮ್ಮನ ಮುಖ ನೋಡಿದ. ಅಮ್ಮ ಅಲ್ಲಾಡಲಿಲ್ಲ. "ಗೆರೆ ಸರಿ ಬಂತಲ್ಲ ಅಂತ ಅವತ್ತು ಸಂತೋಷಪಟ್ಟುಕೊಂಡು ಮನೆಗೆ ಹೋದೆ ಕಣೋ," ಎಂದರು ಮೆಲ್ಲಗೆ. ಇಷ್ಟು ವರ್ಷದಲ್ಲಿ ಅವರ ದನಿ ನಡುಗಿದ್ದನ್ನು ಅವನು ಕೇಳಿದ್ದು ಅದೊಂದೇ ಸಲ.

ಹೆಂಗಸು ಕಲ್ಲಿನ ಗೋಡೆಗೆ ಒರಗಿಸಿದ್ದ ಗಂಡನ ಗುದ್ದಲಿಯನ್ನು ತಂದು ಮೈದುನನ ಮುಂದೆ ಹಿಡಿದರು.

"ಇದೊಂದು ಉಳೀಬಾರದು. ಸರಪಳಿ ಬೇಡ, ಅಗೆದು ತೆಗಿ."

ಅವನು ಸುಲಿದ ಕೈಯಲ್ಲೇ ಗುದ್ದಲಿ ತೆಗೆದುಕೊಂಡ. ಕಂಬದ ಸುತ್ತ ಒಂದು ಸುತ್ತು ಬಂದು, ಎಲ್ಲಿ ಶುರುಮಾಡಬೇಕೆಂದು ತಿಳಿಯದೆ ಹಾಗೇ ನಿಂತ.

"ಎಲ್ಲಿಂದಾದರೂ ಅಗಿ," ಎಂದು ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡರು. "ತಪ್ಪಾದ್ರೆ ನಾನು ಹೇಳ್ತೀನಿ. ನಾನು ಸುಮ್ಮನಿರಲ್ಲ."